ಸೂರಿನಿಂದ ಇಳಿದ ದಾರ

ಜಪಾನಿನ ದಂಡನಾಯಕ ಓದಾ ನೊಬುನಾಗ ಮಲಗಿದ್ದಾನೆ. ಮೇಲೆ ಅಟ್ಟದಲ್ಲಿ ಅಡಗಿದ ನಿಂಜಾ ಸದ್ದಿಲ್ಲದೆ ಒಂದು ದಾರ ಇಳಿಬಿಡುತ್ತಾನೆ. ಅದರ ತುದಿ ಮಲಗಿದವನ ತುಟಿಯ ಹತ್ತಿರ ಬಂದು ನಿಲ್ಲುತ್ತದೆ. ದಾರದ ಗುಂಟ ಹನಿಹನಿಯಾಗಿ ವಿಷ. 1962ರ ಜಪಾನಿ ಚಿತ್ರ 'ಶಿನೋಬಿ ನೊ ಮೊನೊ'ದ ದೃಶ್ಯವಿದು. 1967ರಲ್ಲಿ ಜೇಮ್ಸ್ ಬಾಂಡ್ ಚಿತ್ರ 'ಯೂ ಓನ್ಲಿ ಲಿವ್ ಟ್ವೈಸ್' ಇದೇ ದಾರವನ್ನು ಬಣ್ಣದಲ್ಲಿ ಇಳಿಬಿಟ್ಟಿತು. ನನಗೆ ಕಪ್ಪು-ಬಿಳುಪಿನದ್ದೇ ಸರಿ. ಎದೆ ಝಲ್ಲೆನಿಸುವುದು ಆ ಕತ್ತಲೆ.

'ಶಿನೋಬಿ ನೊ ಮೊನೊ'ಗೂ ಮೊದಲು ಜಪಾನಿ ತೆರೆಯ ಮೇಲೆ ನಿಂಜಾ ಎಂದರೆ ಮಾಯಾವಿ. 1921ರಲ್ಲಿ ಮಕಿನೊ ಶೊಝೊ ತೆಗೆದ ಮೂಕಿ ಚಿತ್ರದ ಜಿರಾಯಾ ದೈತ್ಯ ಕಪ್ಪೆಯಾಗಿಬಿಡುತ್ತಾನೆ. ಇದನ್ನು ಕೇಳಿದ ಕೋಲಾರದವರು ನಕ್ಕು, 'ನಮ್ಮ ವಿಠಲಾಚಾರ್ಯರ ಸಿನಿಮಾ ಥರಾನೇ' ಅಂದಾರು.

ಅನ್ನಲಿ. ಉಡುಪಿ ಬಳಿಯ ಉದ್ಯಾವರದಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯರು ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸ್ ನೋಡಿಕೊಂಡು, ದಿನಾ ಅದೇ ರೀಲುಗಳನ್ನು ನೋಡಿ ನೋಡಿಯೇ ಸಿನಿಮಾ ಕಲಿತವರು. ಟೆಂಟಿನ ನೆಲದಲ್ಲಿ ಕೂತವನಿಗೆ ಯಾವಾಗ ಆಕಳಿಕೆ ಬರುತ್ತದೆ, ಯಾವಾಗ ಶಿಳ್ಳೆ ಬರುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. 1963ರಲ್ಲಿ ಒಂದೇ ಕತೆಯನ್ನು ಎರಡು ಭಾಷೆಯಲ್ಲಿ ತೆಗೆದರು: ಕನ್ನಡದಲ್ಲಿ ರಾಜಕುಮಾರ್ ಅವರ 'ವೀರಕೇಸರಿ', ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅವರ 'ಬಂದಿಪೋಟು'. ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಶಾಲೆ-ಕಚೇರಿಯ ಮಾತು ಕನ್ನಡ. ಇಲ್ಲಿಯವರಿಗೆ ಎರಡು ಕತ್ತಿಗೂ ಶಿಳ್ಳೆ ಹೊಡೆಯಲು ಅಡ್ಡಿಯೇನಿತ್ತು? ಇಂಥದೇ ಚಿತ್ರಗಳ ತೆಲುಗು ನಾಯಕ ಕಾಂತರಾವ್ ಅವರಂತೂ 'ಕತ್ತಿ ಕಾಂತರಾವು' ಎಂದೇ ಹೆಸರಾದರು.

ಬಂದಿಪೋಟು ಎಂದರೆ ದರೋಡೆಕೋರ. 'ಶಿನೋಬಿ ನೊ ಮೊನೊ'ದ ನಾಯಕ ಇಶಿಕಾವ ಗೊಎಮೊನ್ ಕೂಡ ಜಪಾನಿನ ಜನರ ಬಾಯಲ್ಲಿ ಉಳಿದ ಕಳ್ಳನೇ. ಹೋಲಿಕೆ ಅಲ್ಲಿಗೆ ಮುಗಿಯಿತು. ಮುರಾಯಾಮ ತೊಮೊಯೊಶಿಯ ಮೂಲ ಕಾದಂಬರಿ ಧಾರಾವಾಹಿಯಾಗಿ ಬಂದದ್ದು ಜಪಾನ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ 'ಅಕಾಹಾತಾ'ದಲ್ಲಿ. ನಿರ್ದೇಶಕ ಯಾಮಾಮೊತೊ ಸತ್ಸುವೊ ಕೂಡ ಎಡಪಂಥೀಯ. ಹಾಗಾಗಿ ಚಿತ್ರದಲ್ಲಿ ಮಂತ್ರವೂ ಇಲ್ಲ, ಕಪ್ಪೆಯೂ ಇಲ್ಲ. ಇರುವುದು ಧಣಿ ಮತ್ತು ಆಳು. ಇಗಾ ಸೀಮೆಯಲ್ಲಿ ಎರಡು ನಿಂಜಾ ಪಂಗಡಗಳು ನೊಬುನಾಗನನ್ನು ಕೊಲ್ಲಲು ಪೈಪೋಟಿಗೆ ಬಿದ್ದಿವೆ. ಎರಡರ ಒಡೆಯರೂ ವೇಷ ಬದಲಿಸಿದ ಒಬ್ಬನೇ ಮುದುಕ! ಆಳುಗಳು ಸಾಯುತ್ತಾರೆ, ಅವರಿಗೆ ಈ ಗುಟ್ಟು ತಿಳಿಯುವುದೇ ಇಲ್ಲ. ಗೊಎಮೊನ್ ಪಾತ್ರ ಮಾಡಿದ ಇಚಿಕಾವ ರೈಜೊ 1966ರ ತನಕ ಈ ಸಾಲಿನ ಎಂಟು ಚಿತ್ರಗಳಲ್ಲಿ ನಟಿಸಿದ. 1969ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡ.

ನಿಂಜಾನ ನಿಜವಾದ ಆಯುಧ ಕತ್ತಿಯಲ್ಲ, ನಂಬಿಸುವುದು. ಅದಕ್ಕೆ ನಾವು ಇಗಾ ತನಕ ಹೋಗಬೇಕಾಗಿಲ್ಲ, ಮುಳಬಾಗಿಲ ಬೆಟ್ಟ ಸಾಕು. ಇದೇ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ 1768ರಲ್ಲಿ ಈ ಬೆಟ್ಟದ ಕೋಟೆಯನ್ನು ಕೈವಶ ಮಾಡಿಕೊಂಡದ್ದು ಕಾವಲಿನ ಅಧಿಕಾರಿಯ ಜತೆ ಗುಟ್ಟಾಗಿ ಮಾತಾಡಿ. ಮರಳಿ ಹಿಡಿಯಲು ಬಂದ ಇಂಗ್ಲಿಷರ ಕರ್ನಲ್ ವುಡ್, ಅಕ್ಟೋಬರ್ 4ರಂದು ಹೈದರನ ಇಡೀ ದಂಡಿನ ಬಾಯಿಗೆ ಬಿದ್ದ. ಎರಡು ಫಿರಂಗಿ ಹೋದವು, ಇನ್ನೂರಕ್ಕೂ ಮಿಕ್ಕಿ ಜನ ಹೋದರು. ಆಗ ವುಡ್‌ನ ಕಡೆಯ ಕ್ಯಾಪ್ಟನ್ ಒಬ್ಬ ಪಕ್ಕದ ದಿಣ್ಣೆ ಹತ್ತಿ, ಫಿರಂಗಿ ಹಾರಿಸುತ್ತ 'ಸ್ಮಿತ್! ಸ್ಮಿತ್!' ಎಂದು ಕೂಗಿಸಿದ. ಇಂಗ್ಲಿಷರ ಇನ್ನೊಬ್ಬ ಕರ್ನಲ್ ಸ್ಮಿತ್‌ನ ಸೈನ್ಯ ಬಂತೆಂದು ಎರಡೂ ಕಡೆಯವರು ನಂಬಿದರು. ಹೈದರ್ ದಂಡನ್ನು ಹಿಂದಕ್ಕೆ ಕರೆದ.

ಸ್ಮಿತ್ ಅಲ್ಲಿ ಇರಲೇ ಇಲ್ಲ.