ಭೂಮಧ್ಯ ಸಮುದ್ರ ತೀರದ ತುಂಬುಗೆಣಸು

2022ರ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಅಕ್ಕನ ಮಗಳು ಉನ್ನತ ವ್ಯಾಸಂಗಕ್ಕಾಗಿ ಸ್ಪೇನ್ ದೇಶದ ದಕ್ಷಿಣ ತೀರದಲ್ಲಿರುವ ಮಾಲಗಾ ನಗರಕ್ಕೆ ಹೊರಟು ನಿಂತಾಗ ಮನೆಯ ಹಿರಿಯರೆಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಊಟಕ್ಕ ಏನ್ ಮಾಡ್ತೀ ತಂಗಿ?” ಅವಳ ವಿದ್ಯೆ, ವಸತಿ, ಚಳಿ ಇವುಗಳ ಚಿಂತೆ ಯಾರಿಗೂ ಅಷ್ಟಾಗಿ ಇರಲಿಲ್ಲ. ಪೆಟ್ಟಿಗೆಯ ಅರ್ಧ ಭಾಗವನ್ನು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮತ್ತು ಕಟಕಟಿ ಸಜ್ಜಿ ರೊಟ್ಟಿಗಳೇ ಆಕ್ರಮಿಸಿದ್ದವು. ಅವು ಎರಡು ತಿಂಗಳಲ್ಲಿ ಮುಗಿದುಹೋದವು.

ಅನಂತರದ ಕಥೆ ನಮಗೆ ತಡವಾಗಿ ತಿಳಿಯಿತು. ಅವಳಿದ್ದ ವಸತಿಗೃಹದ ಭೋಜನಶಾಲೆಯಲ್ಲಿ, ಇದು ಶುದ್ಧ ಸಸ್ಯಾಹಾರವೆಂದು ಹೇಳಿ ಬಡಿಸಿದ ಕಾಳಿನ ಸಾರಿನಲ್ಲಿ ಮಾಂಸದ ಸಣ್ಣ ಚೂರುಗಳು ಕಂಡವಂತೆ. ಕೇಳಿದ್ದಕ್ಕೆ ಅಡುಗೆಯವರು, ಅದು ರುಚಿಗಾಗಿ ಹಾಕಿದ್ದು, ಬಹಳವೇನಿಲ್ಲ ಎಂದು ನಿರ್ಮಲ ಮನಸ್ಸಿನಿಂದಲೇ ಉತ್ತರಿಸಿದರಂತೆ. ಅವರಿಗೆ ಅದೊಂದು ತಪ್ಪೆಂದೇ ತೋರಿರಲಿಲ್ಲ. ಅಂದಿನಿಂದ ಈ ಹುಡುಗಿ ಬ್ರೆಡ್ಡು, ಬೇಯಿಸಿದ ಬಟಾಟೆ, ಬಾಳೆಹಣ್ಣು ಇಷ್ಟರಲ್ಲಿಯೇ ದಿನ ದೂಡತೊಡಗಿದಳು. ದೂರವಾಣಿಯಲ್ಲಿ ಮಾತ್ರ “ಊಟ ಆತವ್ವಾ” ಎನ್ನುತ್ತಿದ್ದಳು. ಜನವರಿಯಲ್ಲಿ ತಲೆ ಸುತ್ತಿ ಬಿದ್ದು ವೈದ್ಯರಲ್ಲಿಗೆ ಹೋದಾಗ ರಕ್ತಹೀನತೆ ಎಂದು ಗೊತ್ತಾಯಿತು. ನಮ್ಮ ಅಕ್ಕ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. “ಓದು ಸಾಕು, ಹೊಳ್ಳಿ ಬಾ” ಎಂದು ಕಣ್ಣೀರಿಟ್ಟಳು. ಮಗಳು ಕೊಟ್ಟ ಉತ್ತರ ಇದು: “ಓದನೂ ಬಿಡಂಗಿಲ್ಲ, ನಮ್ಮ ಊಟಾನೂ ಬಿಡಂಗಿಲ್ಲ. ಅಡಗಿ ನಾನ ಮಾಡ್ಕೋತೀನವ್ವಾ.” ಚಹಾ ಕಾಯಿಸುವುದರ ಹೊರತು ಅವಳಿಗೆ ಅಡುಗೆಯ ಗಂಧವೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು.

ಊರಿನ ಸಂತೆಯಲ್ಲಿ ಅವಳ ಕಣ್ಣಿಗೆ ಮೊದಲು ಬಿದ್ದದ್ದು ‘ಬಟಾಟಾ’ ಎಂದು ಫಲಕ ಹಚ್ಚಿದ ಒಂದು ರಾಶಿ. ನಮ್ಮ ಉತ್ತರ ಕರ್ನಾಟಕದವರಿಗೆ ಬಟಾಟೆಯೆಂದರೆ ಆಲೂಗಡ್ಡೆ. ಅಲ್ಲಿ ಇದ್ದದ್ದು ಗೆಣಸು! ಈ ಗೊಂದಲಕ್ಕೆ ಒಂದು ಇತಿಹಾಸವಿದೆ. ಗೆಣಸಿನ ತವರು ಅಮೆರಿಕ ಖಂಡ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಅದನ್ನೇ ‘ಬಟಾಟಾ’ ಎನ್ನುತ್ತಿದ್ದರು. ಕೊಲಂಬಸನ ಯಾನಗಳ ತರುವಾಯ ಗೆಡ್ಡೆಯೂ ಹೆಸರೂ ಒಟ್ಟಿಗೆ ಸ್ಪೇನಿಗೆ ಬಂದವು. ಮಾಲಗಾದ ಸುತ್ತಲಿನ ಬೆಚ್ಚನೆಯ ಕರಾವಳಿಯಲ್ಲಿ 16ನೆಯ ಶತಮಾನದಲ್ಲಿಯೇ ಗೆಣಸಿನ ಬೇಸಾಯವಿತ್ತು. ಮುಂದೆ ಪೋರ್ಚುಗೀಸರ ಮೂಲಕ ಆ ಶಬ್ದ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮರಾಠಿಯಲ್ಲೂ ನಮ್ಮ ಕನ್ನಡದಲ್ಲೂ ಆಲೂಗಡ್ಡೆಗೆ ಅಂಟಿಕೊಂಡಿತು. ಗೆಣಸಿಗೆ ಗೆಣಸೆಂಬ ನಮ್ಮ ಹೆಸರೇ ಉಳಿಯಿತು. ಅಂದಹಾಗೆ, ಇವೆರಡೂ ಬಳಗದವೇ ಅಲ್ಲ; ಗೆಣಸು ಸೇರುವುದು ಬೇಲಿಯ ಮೇಲೆ ಬೆಳಗಿನಲ್ಲಿ ನೀಲಿ ಹೂ ಬಿಡುವ ಬಳ್ಳಿಗಳ ಕುಟುಂಬಕ್ಕೆ.

ಗೆಣಸು ಸಿಕ್ಕಿತು, ಅದರೊಡನೆ ಏನು? ದಾರಿ ತೋರಿಸಿದವಳು ಲೆಬನಾನ್ ದೇಶದ ಒಬ್ಬ ಸಹಪಾಠಿ. ಆ ಹುಡುಗಿಯ ಮನೆಯಲ್ಲಿ ಕಾಬೂಲಿ ಕಡಲೆ, ಎಳ್ಳು, ಬೆಳ್ಳುಳ್ಳಿ, ನಿಂಬೆ, ಆಲಿವ್ ಎಣ್ಣೆ ಇವು ನಿತ್ಯದ ಪದಾರ್ಥಗಳು. ಸಿಪ್ಪೆ ತೆಗೆದ ಎಳ್ಳನ್ನು ಬೆಣ್ಣೆಯಂತೆ ಅರೆದದ್ದಕ್ಕೆ ಅವರು ‘ತಹೀನಿ’ ಎನ್ನುತ್ತಾರೆ. ಸುಟ್ಟ ಗೆಣಸಿನ ಹೊಟ್ಟೆ ಸೀಳಿ, ಒಳಗೆ ಹುರಿದ ಕಡಲೆ ತುಂಬಿ, ಮೇಲೆ ಈ ಎಳ್ಳಿನ ಗೊಜ್ಜು ಸುರಿದರೆ ಒಂದು ಹೊತ್ತಿನ ಪೂರ್ಣ ಭೋಜನ. ಇದು ಆ ತೀರದ ಪುರಾತನ ಅಡುಗೆಯೇನೂ ಅಲ್ಲ. ಅಲ್ಲಿಯ ಹಳೆಯ ರುಚಿಗಳನ್ನು ಗೆಣಸಿನೊಳಗೆ ಕೂಡಿಸಿದ ಇತ್ತೀಚಿನ ಜಾಣತನ. ಆದರೆ ಗೆಣಸು ಸುಡುವುದೂ ತರಕಾರಿಗೆ ಹೂರಣ ತುಂಬುವುದೂ ಅಲ್ಲಿ ಹಳೆಯ ಸಂಪ್ರದಾಯಗಳೇ. ಕೈರೋ ನಗರದ ಬೀದಿಗಳಲ್ಲಿ ಚಳಿಗಾಲ ಬಂತೆಂದರೆ ಕಟ್ಟಿಗೆಯ ಒಲೆ ಹೊತ್ತ ಕೈಗಾಡಿಗಳಲ್ಲಿ ಬಿಸಿಬಿಸಿ ಸುಟ್ಟ ಗೆಣಸು ಮಾರುತ್ತಾರೆ. ಸ್ಪೇನಿನ ಕತಲೋನಿಯಾ ಪ್ರಾಂತದಲ್ಲಿ ನವೆಂಬರ್ 1ರ ಹಬ್ಬದ ಸಮಯಕ್ಕೆ ಸುಟ್ಟ ಗೆಣಸು ಇರಲೇಬೇಕು, ನಮ್ಮಲ್ಲಿ ಮೈಸೂರು ಸೀಮೆಯ ಸಂಕ್ರಾಂತಿಗೆ ಬೇಯಿಸಿದ ಗೆಣಸು, ಅವರೆಕಾಯಿ ಇರುವಂತೆ.

ತುಂಬಿದ ತರಕಾರಿಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಮಾಂಸವಿಲ್ಲದೆ, ಬರಿಯ ಅಕ್ಕಿ ಮತ್ತು ಸೊಪ್ಪು ತುಂಬಿ ಎಣ್ಣೆಯಲ್ಲಿ ಬೇಯಿಸಿದ ದ್ರಾಕ್ಷಿ ಎಲೆಯ ಸುರುಳಿಗೆ ತುರ್ಕಿಯವರು ‘ಸುಳ್ಳುಗಾರ’ ಎಂಬ ಹೆಸರಿಟ್ಟಿದ್ದಾರೆ. ಗ್ರೀಕರು ಮಾಂಸವಿಲ್ಲದೆ ತುಂಬಿದ ಟೊಮ್ಯಾಟೊ, ಮೆಣಸಿನಕಾಯಿಗಳಿಗೆ ‘ಅನಾಥ’ ಎನ್ನುತ್ತಾರೆ. ಎಣ್ಣೆಗಾಯಿ ಬದನೆಕಾಯಿಯನ್ನು ಜೋಳದ ರೊಟ್ಟಿಯೊಡನೆ ಉಂಡು ಬೆಳೆದ ನಮಗೆ ಈ ಹೆಸರುಗಳು ತುಸು ಬೇಸರವನ್ನೇ ತಂದವು. ಆದರೂ ಆ ‘ಅನಾಥ’ ಅಡುಗೆಗಳು ಅಲ್ಲಿ ಶತಮಾನಗಳಿಂದ ಉಳಿದು ಬಂದಿರುವುದಕ್ಕೆ ಒಂದು ಮುಖ್ಯ ಕಾರಣ ವ್ರತ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮುಂಚೆ ಹಲವು ವಾರ ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಡುತ್ತಾರೆ. ಸ್ಪೇನಿನ ಸೆವಿಲ್ಲ ನಗರದಲ್ಲಿ ಪಾಲಕ್ ಸೊಪ್ಪಿಗೆ ಕಡಲೆ ಹಾಕಿ, ಜೀರಿಗೆಯೊಡನೆ ಮಾಡುವ ಪಲ್ಯವೂ ಉಪವಾಸದ ದಿನಗಳಲ್ಲಿ ಪ್ರಸಿದ್ಧವಾದದ್ದು. ಜೀರಿಗೆ, ಕೊತ್ತಂಬರಿಗಳನ್ನು ನಾವು ನಮ್ಮ ಸ್ವಂತದವೆಂದು ತಿಳಿದಿದ್ದೇವೆ; ಅವುಗಳ ತವರು ಆ ಸಮುದ್ರದ ಪೂರ್ವ ತೀರದ ಕಡೆಯೇ. ಕಡಲೆಯನ್ನು ಮನುಷ್ಯ ಮೊದಲು ಬೆಳೆದದ್ದು ಇಂದಿನ ತುರ್ಕಿಯ ಆಗ್ನೇಯ ಭಾಗದಲ್ಲಿ.

2024ರ ಡಿಸೆಂಬರಿನಲ್ಲಿ ವ್ಯಾಸಂಗ ಮುಗಿಸಿ ಧಾರವಾಡಕ್ಕೆ ಮರಳಿದವಳು ಮೂರನೆಯ ದಿನವೇ ಬೆಳಗಾವಿ ಕಡೆಯ ಕೆಂಪು ಸಿಪ್ಪೆಯ ಗೆಣಸು ತಂದು ಒಲೆಯ ಮುಂದೆ ನಿಂತಳು. ಬಡಿಸಿದ ತಟ್ಟೆಯನ್ನು ನಮ್ಮ ತಾಯಿಯವರು ಬಹಳ ಹೊತ್ತು ದಿಟ್ಟಿಸಿದರು. “ಏನವ್ವಾ ಇದು, ಗೆಣಸಿನ ಹೊಟ್ಟಿ ಕೊಯ್ದು ಕಡ್ಲಿ ತುಂಬೀ? ಪಾಪ, ಅದೇನ್ ಮಾಡಿತ್ತು ನಿನಗ?” ಎಂದರು. ಮೊಮ್ಮಗಳು ನಗುತ್ತ “ಒಂದ್ ತುತ್ತು ತಿಂದ್ ನೋಡಜ್ಜಿ” ಎಂದಳು. ಹಲ್ಲು ಬಿದ್ದ ಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ಉಣ್ಣುವ ಆ ಜೀವ ಅಂದು ಕಡಲೆಯನ್ನು ಬದಿಗಿರಿಸಿ, ಎಳ್ಳಿನ ಗೊಜ್ಜಿನೊಡನೆ ಗೆಣಸಿನ ತಿರುಳನ್ನೆಲ್ಲ ಮುಗಿಸಿತು. ಕಡಲೆಯನ್ನು ನುರಿದು ಹಾಕಬೇಕಿತ್ತೆಂಬ ಬುದ್ಧಿ ನಮಗೆ ಆಮೇಲೆ ಬಂತು.

ಇನ್ನು ಮಾಡುವ ಕ್ರಮ. ನಾಲ್ವರಿಗೆ ಒಂದೊಂದೂ 250 ಗ್ರಾಂ ತೂಗುವ, ದಪ್ಪನೆಯ 4 ಗೆಣಸು ಬೇಕು. ಬೆರಳಿನಂಥ ಸಣ್ಣ ಗೆಣಸಿನಲ್ಲಿ ಹೂರಣ ನಿಲ್ಲುವುದಿಲ್ಲ. ತೂತು ಬಿದ್ದ, ಹುಳು ತಿಂದ ಗೆಣಸನ್ನು ಆ ಭಾಗ ಕೊಯ್ದು ಬಳಸುವುದೂ ಬೇಡ. ಹುಳುವಿನ ಬಾಧೆಗೆ ಗೆಡ್ಡೆ ಕಹಿಯಾದ ವಿಷಪದಾರ್ಥಗಳನ್ನು ಉಂಟುಮಾಡಿಕೊಳ್ಳುತ್ತದೆ, ದನಗಳಿಗೂ ಅದು ಒಳ್ಳೆಯದಲ್ಲ. ಫ್ರಿಜ್ಜಿನಲ್ಲಿ ಇಟ್ಟ ಗೆಣಸು ನಡುವೆ ಗಟ್ಟಿಯಾಗಿ ಉಳಿಯುವುದರಿಂದ ಬುಟ್ಟಿಯಲ್ಲಿ ಗಾಳಿಗಿಡುವುದೇ ಸರಿ.

ಮೊದಲ ಸಲ ನಾವೇ ಮಾಡಿದಾಗ ಕುಕ್ಕರಿನಲ್ಲಿ ನೀರು ಹಾಕಿ ಮೂರು ಸೀಟಿ ಕೂಗಿಸಿದೆವು. ಸೀಳಲು ಹೋದರೆ ಗೆಣಸು ಕೈಯಲ್ಲಿಯೇ ಮುದ್ದೆಯಾಯಿತು. ಇದು ಬೇಯಿಸುವ ಅಡುಗೆಯಲ್ಲ, ಸುಡುವ ಅಡುಗೆ. ಸಿಪ್ಪೆ ತೆಗೆಯದೆ ಚೆನ್ನಾಗಿ ತೊಳೆದು ಒರೆಸಿ, ಅಲ್ಲಲ್ಲಿ ಚುಚ್ಚಿ, ಎಣ್ಣೆ ಸವರಿ, ಓವನ್ ಇದ್ದವರು 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 45 ನಿಮಿಷದಿಂದ ಒಂದು ಗಂಟೆಯವರೆಗೆ ಇಡಬೇಕು. ಓವನ್ ಇಲ್ಲದವರು ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ, ಹತ್ತು ನಿಮಿಷಕ್ಕೊಮ್ಮೆ ಹೊರಳಿಸುತ್ತ ಮುಕ್ಕಾಲು ಗಂಟೆ ಸುಡಬಹುದು. ಹಳ್ಳಿಯ ಮನೆಗಳಲ್ಲಿ ಕಟ್ಟಿಗೆಯ ಒಲೆಯ ಬಿಸಿಬೂದಿಯಲ್ಲಿ ಹುದುಗಿಸಿಟ್ಟರೆ ಅದರ ಮುಂದೆ ಇವೆರಡೂ ಸಪ್ಪೆ. ನಮ್ಮ ತಾಯಿಯವರ ಈ ಮಾತನ್ನು ಪರೀಕ್ಷಿಸಿ ಒಪ್ಪಿಕೊಂಡಿದ್ದೇವೆ. ಅವಸರ ಮಾಡಬಾರದೆಂಬುದಕ್ಕೆ ಕಾರಣವೂ ಉಂಟು. ಗೆಣಸಿನೊಳಗಿನ ಒಂದು ಕಿಣ್ವವು ಹದವಾದ ಕಾವಿನಲ್ಲಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಕಾವು ನಿಧಾನವಾಗಿ ಏರಿದಷ್ಟೂ ಅದಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ, ಸಿಹಿ ಹೆಚ್ಚುತ್ತದೆ.

ಹೂರಣಕ್ಕೆ 150 ಗ್ರಾಂ ಕಾಬೂಲಿ ಕಡಲೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ನೀರು ಬಸಿದು, ಬಟ್ಟೆಯ ಮೇಲೆ ಹರವಿ ಆರಿಸಬೇಕು. ಎರಡನೆಯ ಸಲ ನಾವು ಎಡವಿದ್ದು ಇಲ್ಲಿಯೇ. ಹಸಿಯಾದ ಕಡಲೆ ಹುರಿಯುವ ಬದಲು ಕುದಿಯಿತು. ಆರಿದ ಕಡಲೆಯನ್ನು ಎರಡು ಚಮಚೆ ಎಣ್ಣೆಯಲ್ಲಿ ಜೀರಿಗೆ ಪುಡಿ, ಕೊತ್ತಂಬರಿ ಬೀಜದ ಪುಡಿ ಒಂದೊಂದು ಚಮಚೆ, ಅರ್ಧ ಚಮಚೆ ಬ್ಯಾಡಗಿ ಖಾರದಪುಡಿ, ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ ಸೇರಿಸಿ ಅಂಚು ಗರಿಗರಿಯಾಗುವವರೆಗೆ ಹುರಿಯಿರಿ. ಆಲಿವ್ ಎಣ್ಣೆ ಕೊಳ್ಳಲು ಕೈ ತಡೆಯುವವರು ಗಾಣದ ಕುಸುಬಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಧಾರಾಳವಾಗಿ ಬಳಸಬಹುದು. ರುಚಿ ಬೇರೆಯಾದೀತು, ಕೆಡುವುದಿಲ್ಲ.

ಗೊಜ್ಜಿಗೆ ನಾಲ್ಕು ದೊಡ್ಡ ಚಮಚೆ ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿದು, ತುಸು ಎಣ್ಣೆಯೊಡನೆ ನುಣ್ಣಗೆ ಅರೆಯಿರಿ. ಎಳ್ಳು ಕೆಂಪಾದರೆ ಕಹಿಯಾಗುತ್ತದೆ. ಒಂದು ನಿಂಬೆಹಣ್ಣಿನ ರಸ, ಉಪ್ಪು, ಒಂದು ಎಸಳು ಬೆಳ್ಳುಳ್ಳಿ ಹಾಕಿದೊಡನೆ ಅದು ಬಿಗಿದುಕೊಂಡು ಮುದ್ದೆಯಾಗುತ್ತದೆ. ಗಾಬರಿ ಬೇಡ. ಚಮಚೆ ಚಮಚೆಯಾಗಿ ತಣ್ಣೀರು ಬೆರೆಸುತ್ತ ಹೋದರೆ ಸಡಿಲಾಗಿ ಬೆಳ್ಳಗೆ ಕೆನೆಯಂತಾಗುತ್ತದೆ. ಗೆಣಸನ್ನು ಉದ್ದಕ್ಕೆ ಸೀಳಿ, ತಿರುಳನ್ನು ಚಮಚೆಯಿಂದ ಸಡಿಲಿಸಿ ಚಿಟಿಕೆ ಉಪ್ಪು ಉದುರಿಸಿ, ಕಡಲೆ ತುಂಬಿ, ಗೊಜ್ಜು ಹಾಕಿ, ಮೇಲೆ ಸಣ್ಣಗೆ ಹೆಚ್ಚಿದ ಟೊಮ್ಯಾಟೊ, ಈರುಳ್ಳಿಗೆ ನಿಂಬೆ ಹಿಂಡಿ ಹಾಕಿರಿ. ಅಲ್ಲಿ ಪಾರ್ಸ್ಲಿ ಸೊಪ್ಪು ಉದುರಿಸುತ್ತಾರೆ. ನಮಗೆ ಹಸಿ ಕೊತ್ತಂಬರಿಯೇ ಹಿತ.

ಕೆಲವರು ಇದರ ಮೇಲೆ ಫೆಟಾ ಎಂಬ ಗ್ರೀಸ್ ದೇಶದ ಚೀಸನ್ನು ಪುಡಿಮಾಡಿ ಹಾಕುತ್ತಾರೆ. ಈ ಬಗ್ಗೆ ನಮ್ಮ ಮನೆಗಳ ಮಕ್ಕಳಿಗೆ ಎಚ್ಚರಿಕೆ ಹೇಳುವುದು ಅಗತ್ಯ. ಅನೇಕ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಗರಣೆಗಟ್ಟಲು ಎಳೆಗರು ಅಥವಾ ಕುರಿಮರಿಯ ಜಠರದಿಂದ ತೆಗೆದ ರೆನೆಟ್ ಎಂಬ ಪದಾರ್ಥವನ್ನು ಬಳಸುತ್ತಾರೆ. ಇಟಲಿಯ ಪಾರ್ಮೆಜಾನೋ ಚೀಸಿಗಂತೂ ನಿಯಮದಂತೆಯೇ ಅದು ಕಡ್ಡಾಯ. ನಮ್ಮ ದೇಶದ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆಯನ್ನು ನೋಡಿ ಕೊಳ್ಳಬಹುದು. ಪರದೇಶದಲ್ಲಿ ಸಸ್ಯಜನ್ಯ ಅಥವಾ ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಎಂದು ಬರೆದಿದೆಯೇ ಎಂದು ಓದಬೇಕು. ಇಷ್ಟೆಲ್ಲ ತೊಂದರೆ ಏಕೆ? ಶ್ರೀಖಂಡಕ್ಕೆ ಮಾಡುವಂತೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಸಿಗುವ ಚಕ್ಕಾ, ಲೆಬನಾನಿನವರ ‘ಲಬ್ನೆ’ಯೇ ಸರಿ. ಉಪ್ಪು ಬೆರೆಸಿ ಅದನ್ನೇ ಹಾಕಿಕೊಳ್ಳಬಹುದು.

ಮಧುಮೇಹಿಗಳ ಮಾತು ಬೇರೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ; ಗೆಣಸು ಮಧುಮೇಹಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿ ಎರಡು ಇಡೀ ಗೆಣಸು ತಿಂದು ಮರುದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಬೇಯಿಸಿದ ಗೆಣಸಿಗಿಂತ ಸುಟ್ಟ ಗೆಣಸು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಕಾರಣವನ್ನು ಮೇಲೆಯೇ ಹೇಳಿದ್ದೇವೆ. ಈಗ ಅವರ ಪಾಲಿಗೆ ನೀರಿನಲ್ಲಿ ಬೇಯಿಸಿದ ಅರ್ಧ ಗೆಣಸು, ಅದರ ಮೇಲೆ ಎರಡು ಪಾಲು ಕಡಲೆ, ಆ ದಿನ ರೊಟ್ಟಿ ಅನ್ನ ಇಲ್ಲ. ಮುಖ ಸಣ್ಣದಾಗುತ್ತದೆ, ಆದರೂ ಉಣ್ಣುತ್ತಾರೆ.

ಅಕ್ಕನ ಮಗಳ ರಕ್ತಹೀನತೆ ಈ ಒಂದು ಅಡುಗೆಯಿಂದ ಹೋಯಿತೆಂದು ನಾವು ಹೇಳುವುದಿಲ್ಲ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಆರು ತಿಂಗಳು ತಪ್ಪದೆ ನುಂಗಿದಳು. ಆದರೆ ಕಡಲೆ, ಎಳ್ಳು ಎರಡರಲ್ಲಿಯೂ ಕಬ್ಬಿಣದ ಅಂಶವಿದೆ. ನಿಂಬೆಯ ಸಿ ಜೀವಸತ್ವ ಅದನ್ನು ಮೈಗೆ ಹತ್ತಿಸುತ್ತದೆ. ಊಟದ ಜೊತೆಗೆ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆಂದು ಅಲ್ಲಿಯ ವೈದ್ಯರು ಹೇಳಿದ ಮೇಲೆ ಅವಳು ಚಹಾವನ್ನು ಊಟದಿಂದ ಒಂದು ಗಂಟೆ ದೂರ ಸರಿಸಿದಳು. ಇಲ್ಲಿಗೆ ಬಂದ ಮೇಲೆ ಅದೇ ನಿಯಮವನ್ನು ತಾಯಿಗೂ ಹೇರಲು ನೋಡುತ್ತಿದ್ದಾಳೆ. ಅದರಲ್ಲಿ ಇನ್ನೂ ಜಯ ಸಿಕ್ಕಿಲ್ಲ.

ಉಳಿದ ಹೂರಣವನ್ನು ಮರುದಿನ ನುರಿದು ಚಪಾತಿಯೊಳಗೆ ಸುತ್ತಿ ಮಕ್ಕಳ ಡಬ್ಬಿಗೆ ಹಾಕಬಹುದು. ಎಳ್ಳಿನ ಗೊಜ್ಜು ಮಾತ್ರ ಅಂದಂದೇ ಮುಗಿಯಲಿ. ಹಸಿ ಬೆಳ್ಳುಳ್ಳಿ ಬಿದ್ದದ್ದು ರಾತ್ರಿ ಕಳೆದರೆ ಘಾಟು ಹೆಚ್ಚುತ್ತದೆ.