ಹಳೆಯ ವಿದ್ಯಾರ್ಥಿಗಳ ಪತ್ರಿಕೆಗೆ ಯಾರು ಬರೆಯಬೇಕು?



ನಮ್ಮ ನವರಂಗಪುರದಲ್ಲಿ ನಾವು ನಿತ್ಯವೂ ಹಾದುಹೋಗುವ ಎರಡು ಆವರಣಗಳಿವೆ. ಒಂದು, 1949ರಲ್ಲಿ ಸ್ಥಾಪಿತವಾದ ಗುಜರಾತ್ ವಿಶ್ವವಿದ್ಯಾನಿಲಯ. ಇನ್ನೊಂದು, ಡಾಕ್ಟರ್ ವಿಕ್ರಮ್ ಸಾರಾಭಾಯಿಯವರು 1947ರಲ್ಲಿ ಆರಂಭಿಸಿದ ಭೌತವಿಜ್ಞಾನ ಸಂಶೋಧನಾಲಯ. ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಯು. ಆರ್. ರಾಯರು ಈ ಸಂಶೋಧನಾಲಯದಲ್ಲಿ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿ, 1960ರಲ್ಲಿ ಗುಜರಾತ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. 1975ರ ಏಪ್ರಿಲ್ 19ರಂದು ಗಗನಕ್ಕೇರಿದ ಭಾರತದ ಪ್ರಥಮ ಉಪಗ್ರಹ ‘ಆರ್ಯಭಟ’ವು ಇವರ ನೇತೃತ್ವದಲ್ಲಿಯೇ ನಿರ್ಮಾಣಗೊಂಡಿತು. 2017ರಲ್ಲಿ ದಿವಂಗತರಾದ ಈ ಮಹನೀಯರು ನಮ್ಮ ಊರಿನವರೆಂದು ಹೇಳಿಕೊಳ್ಳಲು ಯಾರಿಗೆ ತಾನೇ ಹೆಮ್ಮೆಯಾಗದು?

ಅಹಮದಾಬಾದ್, ಬರೋಡೆ, ಸೂರತ್ ನಗರಗಳ ವಿಶ್ವವಿದ್ಯಾನಿಲಯಗಳಲ್ಲಿ ಕಲಿತ ಕನ್ನಡಿಗರಿಗಾಗಿ ಹಳೆಯ ವಿದ್ಯಾರ್ಥಿಗಳ ತ್ರೈಮಾಸಿಕವೊಂದನ್ನು ಹೊರತರಲು ನಮ್ಮ ಕಾರ್ಯಾಲಯವು ನಿಶ್ಚಯಿಸಿದೆ. ಅದರ ಮೊದಲ ಪುಟವು ರಾಯರಂಥವರಿಗೆ ಮೀಸಲು. ಉಳಿದ ಪುಟಗಳನ್ನು ತುಂಬಬೇಕಾದವರು ತಾವು.

ಎಸ್.ಎಸ್.ಎಲ್.ಸಿ. ದಾಟದ ಈ ಸಂಪಾದಕನಿಗೆ ಇದೇಕೆ ಬೇಕಾಯಿತೆಂದು ತಾವು ಕೇಳಬಹುದು. ನಾನು ಹೋಟೆಲು ನಡೆಸುತ್ತಿದ್ದ ಕಾಲದ ಸಂಗತಿಯನ್ನು ಅರಿಕೆ ಮಾಡಿಕೊಳ್ಳುವೆನು. ಗಲ್ಲದಲ್ಲಿ ಕುಳಿತಿರುತ್ತಿದ್ದ ಹುಡುಗನೊಬ್ಬನು ಬೆಳಗಿನ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದನು. ಬೆಳಗಿನ ತಿಂಡಿಯ ಹೊತ್ತಿಗೆ ಅವನ ಜಾಗದಲ್ಲಿ ಗೆಳೆಯನು ಕುಳಿತುಕೊಳ್ಳುತ್ತಿದ್ದನು. ರಾತ್ರಿ ಗೆಳೆಯನ ಪಾಳಿಯನ್ನು ಇವನು ಮಾಡುತ್ತಿದ್ದನು. ಫಲಿತಾಂಶ ಬಂದ ದಿನ ಅಂಕಪಟ್ಟಿಯನ್ನು ಲೆಕ್ಕದ ಪುಸ್ತಕದೊಳಗೆ ಮುಚ್ಚಿಟ್ಟಿದ್ದನು. “ಇದರಲ್ಲಿ ಹೇಳಿಕೊಳ್ಳುವಂಥದ್ದು ಏನುಂಟು, ಧಣಿಗಳೇ?” ಎಂದನು. ನಾನೂ ಸುಮ್ಮನಾದೆನು.

ಎರಡು ವರ್ಷಗಳ ತರುವಾಯ ಅದೇ ಹೋಟೆಲಿನ ಮಾಣಿಯೊಬ್ಬನು ಕಾಲೇಜಿಗೆ ಸೇರಿ, ಆರೇ ತಿಂಗಳಲ್ಲಿ ಬಿಟ್ಟನು. ಪಾಳಿ ಬದಲಾಯಿಸಿಕೊಳ್ಳಬಹುದೆಂದು ಅವನಿಗೆ ತಿಳಿದಿರಲಿಲ್ಲ, ನನ್ನನ್ನು ಕೇಳಲು ಅವನಿಗೆ ಧೈರ್ಯವಿರಲಿಲ್ಲ, ನಾನಾಗಿ ಹೇಳಲಿಲ್ಲ. ಮೊದಲನೆಯವನ ಅನುಭವವು ಎರಡು ಪುಟಗಳಲ್ಲಿ ಅಚ್ಚಾಗಿದ್ದರೆ ಎರಡನೆಯವನು ಇಂದು ಪದವೀಧರನಾಗಿರುತ್ತಿದ್ದನೋ ಏನೋ! ಈ ತಪ್ಪು ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತಿದೆ.

ಸಣ್ಣ ಆರಂಭವೆಂದು ಯಾರೂ ಹಗುರವಾಗಿ ಕಾಣಬಾರದು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ ಹೊರಟ ‘ಪ್ರಬುದ್ಧ ಕರ್ಣಾಟಕ’ವೂ ಕಾಲೇಜಿನ ಸಂಘವೊಂದರ ಸಾಹಸವೇ ಆಗಿತ್ತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ತನ್ನ ಪತ್ರಿಕೆಯನ್ನಾಗಿ ಮಾಡಿಕೊಂಡಿತು.

ಆದುದರಿಂದ ಬರೆಯಿರಿ. ಶುಲ್ಕದ ಹಣವನ್ನು ಹೇಗೆ ಹೊಂದಿಸಿದಿರಿ? ರಜೆ ಕೊಟ್ಟವರು ಯಾರು? ಗುಜರಾತಿಯ ಪಾಠ ಕಿವಿಗೆ ಬೀಳುವಾಗ ಕನ್ನಡದಲ್ಲಿ ಹೇಗೆ ಗುರುತು ಹಾಕಿಕೊಂಡಿರಿ? ರಾತ್ರಿ ಎಲ್ಲಿ ಕುಳಿತು ಓದಿದಿರಿ? ಅನುತ್ತೀರ್ಣರಾದವರೂ, ಅರ್ಧಕ್ಕೆ ಬಿಟ್ಟವರೂ ಬರೆಯಬಹುದು. ಅವರಿಂದ ಕಲಿಯಬೇಕಾದುದು ಹೆಚ್ಚು. ಪಾಂಡಿತ್ಯದ ಭಾಷೆ ಬೇಕಿಲ್ಲ. ಹಾಳೆಯ ಒಂದೇ ಮಗ್ಗುಲಿಗೆ, ಎರಡು ಪುಟ ಮೀರದಂತೆ, ಸ್ಫುಟವಾಗಿ ಬರೆದರೆ ಸಾಕು. ಹೆಸರು ಬೇಡವೆಂದವರ ಹೆಸರನ್ನು ಅಚ್ಚು ಮಾಡುವುದಿಲ್ಲ. ಸಂಭಾವನೆ ಕೊಡುವ ಶಕ್ತಿ ನಮಗಿಲ್ಲ. ಪತ್ರಿಕೆಯ ಎರಡು ಪ್ರತಿಗಳನ್ನು ಕಳುಹಿಸುವೆವು. ಒಂದು ತಮಗೆ; ಇನ್ನೊಂದನ್ನು ತಮ್ಮ ಅಡಿಗೆಮನೆಯಲ್ಲೋ ಕಚೇರಿಯಲ್ಲೋ ಇರುವ ಕಿರಿಯನೊಬ್ಬನಿಗೆ ಕೊಡಿರಿ.

ಲೇಖನಗಳು ದೀಪಾವಳಿಗೆ ಒಂದು ತಿಂಗಳು ಮುಂಚಿತವಾಗಿ ಕಾರ್ಯಾಲಯಕ್ಕೆ ತಲುಪಲಿ. ಗುಜರಾತಿ ಹೊಸ ವರ್ಷದ ದಿನ ಪ್ರಥಮ ಸಂಚಿಕೆಯು ತಮ್ಮ ಕೈಸೇರುವುದು. ಅಂಕಪಟ್ಟಿಯನ್ನು ಮುಚ್ಚಿಟ್ಟ ಆ ಹುಡುಗನು ಈಗ ಬೇರೆ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮೊದಲ ಪತ್ರವನ್ನು ಅವನಿಗೇ ಬರೆದಿದ್ದೇನೆ.