ಬಳ್ಳಾರಿ ಜಾಲಿಯಲ್ಲೊಂದು ಬಣ್ಣ

ಕೊಪ್ಪಳ, ರಾಯಚೂರು ಕಡೆಯ ರೈತರಿಗೆ ಬಳ್ಳಾರಿ ಜಾಲಿ ಎಂದರೆ ಸಿಟ್ಟು. ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎನ್ನದೆ ಹಬ್ಬುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅಮೆರಿಕ ಖಂಡಗಳ ಈ ಮರವನ್ನು 1870ರ ದಶಕದಲ್ಲಿ ಬ್ರಿಟಿಷರು ಉರುವಲಿಗೆಂದು ಕಡಪ ಸೀಮೆಗೆ ತಂದರು. ಕಾಯಿ ತಿಂದ ದನ-ಕುರಿಗಳು ಬೀಜ ಹರಡಿದವು. ಅದರಿಂದ ಸಿಗುವುದು ಸೌದೆ, ಇದ್ದಿಲು ಎಂದಷ್ಟೇ ನಮ್ಮ ಲೆಕ್ಕ. ಆದರೆ ತೊಗಟೆಯಲ್ಲಿ ಬಣ್ಣವೂ ಇದೆ.

ಅಣಲೆಕಾಯಿ, ದಾಳಿಂಬೆ ಸಿಪ್ಪೆ, ಹೆಗ್ಗೋಡಿನ ಚರಕ ಸಂಸ್ಥೆ ಬಟ್ಟೆಗೆ ಬಳಸುವ ಅಡಿಕೆ ಚೊಗರು, ಇವುಗಳಿಗೆ ಒಗರು ಕೊಡುವ ಟ್ಯಾನಿನ್ ಜಾಲಿಯ ತೊಗಟೆಯಲ್ಲೂ ಉಂಟು. ಸೊನೋರಾ ಮರುಭೂಮಿಯ ಮೂಲನಿವಾಸಿಗಳಂತೂ ಇದರ ಹತ್ತಿರದ ಬಂಧುವಾದ ಮೆಸ್ಕೀಟ್ ಮರದ ಅಂಟು ಕುದಿಸಿ ಮಡಕೆಗಳ ಮೇಲೆ ಕಪ್ಪು ಚಿತ್ತಾರ ಬರೆಯುತ್ತಿದ್ದರು.

ತೊಗಟೆಯನ್ನು ಹಸಿಯಿದ್ದಾಗಲೇ ಸುಲಿಯಬೇಕು. ಒಣಗಿದರೆ ಕಟ್ಟಿಗೆಗೆ ಕಚ್ಚಿಕೊಳ್ಳುತ್ತದೆ. ಮುಳ್ಳಿನ ಬಗ್ಗೆ ಎಚ್ಚರ, ಚುಚ್ಚಿದ ಜಾಗ ಕೀವಾಗಿ ಕಾಡುತ್ತದೆ. ಚೂರುಗಳನ್ನು ರಾತ್ರಿಯಿಡೀ ನೆನೆಹಾಕಿ, ಮರುದಿನ ತಾಸುಹೊತ್ತು ಕುದಿಸಿ ಸೋಸಿದರೆ ಗಾಢ ಕಷಾಯ ಸಿದ್ಧ. ಒಲೆಗೂ ಅದೇ ಮರದ ಸೌದೆ! ಅಷ್ಟರಲ್ಲಿ ಹತ್ತಿ ಬಟ್ಟೆಯ ಗಂಜಿ, ಜಿಡ್ಡು ಹೋಗುವಂತೆ ಸೋಡಾ ಹಾಕಿ ಬೇಯಿಸಿ, ಪಟಿಕದ ನೀರಿನಲ್ಲಿ ನೆನೆಸಿಟ್ಟಿರಬೇಕು. ಇಲ್ಲಿ ಅವಸರ ಮಾಡಿದರೆ ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ. ಕಷಾಯದಲ್ಲಿ ಬೆಂದ ಬಟ್ಟೆಗೆ ತಿಳಿಗಂದು ಬರುತ್ತದೆ. ಅದನ್ನೇ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿದ ನೀರಿಗೆ ಅದ್ದಿದರೆ ನೋಡನೋಡುತ್ತಲೇ ಬೂದಿಬಣ್ಣಕ್ಕೆ ತಿರುಗುತ್ತದೆ. ಮತ್ತೆ ಮತ್ತೆ ಅದ್ದಿದಷ್ಟೂ ಕಪ್ಪಿನತ್ತ ಸಾಗುತ್ತದೆ. ನನಗೆ ಆ ಬೂದಿಬಣ್ಣವೇ ಇಷ್ಟ. ಆಸೆಪಟ್ಟು ಅನ್ನಭೇದಿ ಜಾಸ್ತಿ ಸುರಿದರೆ ಮಾತ್ರ ಹತ್ತಿಯ ಎಳೆ ಕ್ರಮೇಣ ಪಿಸಿಯುತ್ತದೆ. ಕಿಲೊ ಬಟ್ಟೆಗೆ 20 ಗ್ರಾಂ ಸಾಕು.

ಇದರಿಂದ ಜಾಲಿಯ ಕಾಟ ತೀರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಿಲೊ ಬಟ್ಟೆಗೆ ಹೆಚ್ಚುಕಡಿಮೆ ಅಷ್ಟೇ ತೂಕದ ತೊಗಟೆ ಬೇಕು. ಕಚ್ಛ್‌ನ ಬನ್ನಿ ಹುಲ್ಲುಗಾವಲನ್ನು ಆಕ್ರಮಿಸಿರುವ ಮರಕ್ಕೆ ಅದು ಯಾವ ಲೆಕ್ಕ? ಬೇರುಸಮೇತ ಕೀಳುವ ಖರ್ಚಿನಲ್ಲಿ ಒಂದಿಷ್ಟು ಹುಟ್ಟೀತು, ಅಷ್ಟೇ. ಬೇಡಿಕೆ ಏರಿದರೆ ಮರವನ್ನು ಉಳಿಸಿಕೊಳ್ಳುವ ಆಸೆಯೂ ಚಿಗುರಬಹುದು.

ಪ್ರಯೋಗ ಮಾಡಹೊರಟವರಲ್ಲಿ ಒಂದು ವಿನಂತಿ: ಕೊಡಲಿ ಎತ್ತುವ ಮೊದಲು ಹೂ, ಕಾಯಿ ನೋಡಿ. ನೀಳ ತೆನೆಯಾಗಿ ಜೋಲುವ ಹೂ, ಹಳದಿ ಉದ್ದ ಕಾಯಿ ಇದ್ದರೆ ಅದು ಬಳ್ಳಾರಿ ಜಾಲಿ. ಹಳದಿ ಗುಂಡು ಹೂ, ಮಣಿ ಪೋಣಿಸಿದಂಥ ಕಾಯಿ ಕಂಡರೆ ಅದು ನಮ್ಮ ನೆಲದ ಕರಿಜಾಲಿ, ಅದನ್ನು ಮುಟ್ಟಬೇಡಿ.